ಗೇರ್‌ಬಾಕ್ಸ್ ಮುಚ್ಚಳದ ಸಂದು: ಜತ್ತ ಸೀಮೆಯ ಹಳೆಯ ಮೋಟಾರುಗಳ ಇತಿಹಾಸದಿಂದ

ಹಳೆಯ ಕಾರು, ಜೀಪುಗಳಲ್ಲಿ ಮುಂದಿನ ಎರಡು ಸೀಟುಗಳ ನಡುವೆ ನೆಲದಿಂದ ಉಬ್ಬಿ ನಿಂತಿರುವ ಭಾಗ ಗೇರ್‌ಬಾಕ್ಸಿನ ಮುಚ್ಚಳ. ಮುಂದೆ ಎಂಜಿನ್, ಅದಕ್ಕೆ ಹೊಂದಿ ಕ್ಲಚ್, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಹಿಂದಿನ ಆಕ್ಸಲ್ಲಿನವರೆಗೆ ಉದ್ದನೆಯ ಶಾಫ್ಟ್: ಹಿಂದಿನ ಚಕ್ರಗಳಿಂದ ಓಡುವ ಗಾಡಿಯ ರಚನೆ ಇದು. ಈ ಸಾಲಿನ ನಡುವಿನ ಭಾಗ ಸವಾರರ ಕಾಲಬುಡದಲ್ಲೇ ಬರುವುದರಿಂದ ನೆಲವನ್ನು ಅಲ್ಲಿ ಕತ್ತರಿಸಿ, ಮೇಲೆ ಒಂದು ಮುಚ್ಚಳ ಕೂರಿಸುತ್ತಿದ್ದರು. ಕ್ಲಚ್ ಪ್ಲೇಟು ಸವೆದರೆ, ಗೇರು ಕಚ್ಚದಿದ್ದರೆ ಅದನ್ನು ಬಿಚ್ಚಬೇಕು. ಬಿಚ್ಚಲು ಬರುವ ಮುಚ್ಚಳಕ್ಕೆ ಸುತ್ತ ಸಂದು ಇದ್ದೇ ಇರುತ್ತದೆ. ಗಾಳಿ, ಧೂಳು, ಕಾವು, ಎಣ್ಣೆಯ ವಾಸನೆ ಎಲ್ಲವೂ ಆ ಸಂದಿನಿಂದಲೇ ಒಳಗೆ ಬರುತ್ತವೆ. ಗಾಳಿ ನುಸುಳದಂತೆ ಅದನ್ನು ಮುಚ್ಚಬೇಕು, ಆದರೆ ಮಿಸ್ತ್ರಿಗೆ ಬೇಕಾದಾಗ ಬಿಚ್ಚಲೂ ಬರಬೇಕು. ಈ ಎರಡು ಬೇಡಿಕೆಗಳನ್ನು ಒಟ್ಟಿಗೆ ಪೂರೈಸಲು ಮೋಟಾರು ಕೆಲಸದವರು ಒಂದು ಶತಮಾನ ಕಾಲ ಬಗೆಬಗೆಯ ಉಪಾಯ ಹೂಡಿದ್ದಾರೆ. ಇಂಗ್ಲೆಂಡಿನಲ್ಲಿ ಈ ಕೆಲಸ ಬೇಕಾದದ್ದು ಮುಖ್ಯವಾಗಿ ಕಾಲಿಗೆ ಹೊಡೆಯುವ ಚಳಿಗಾಳಿಯನ್ನು ತಡೆಯಲು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಂಥ ಬಯಲುಸೀಮೆಗೆ ಬಂದಾಗ ಚಳಿಯ ಮಾತು ಹಿಂದಾಯಿತು, ಧೂಳು ಮತ್ತು ಕಾವು ಮುಂದಾದವು.

ಗಾಳಿ ಒಳಗೆ ಬರುವ ಬಗೆ

ಓಡುವ ಗಾಡಿಯೊಳಗೆ ಗಾಳಿಯ ಒತ್ತಡ ಎಲ್ಲ ಕಡೆಯೂ ಒಂದೇ ಸಮ ಇರುವುದಿಲ್ಲ. ರೇಡಿಯೇಟರಿನ ಮೂಲಕ ನುಗ್ಗಿದ ಗಾಳಿ, ಫ್ಯಾನಿನ ಎಳೆತವೂ ಸೇರಿ, ಬಾನೆಟ್ಟಿನ ಕೆಳಗೆ ದಟ್ಟೈಸುತ್ತದೆ. ಅದಕ್ಕೆ ಹೊರಗೆ ಹೋಗಲು ಇರುವ ದಾರಿ ಎಂಜಿನ್ನಿನ ಕೆಳಗೆ ಮತ್ತು ಗೇರ್‌ಬಾಕ್ಸಿನ ಇಕ್ಕೆಲಗಳಲ್ಲಿ. ಇತ್ತ ಕಿಟಕಿ ತೆರೆದಿದ್ದರೆ ಹೊರಗೆ ಹಾಯುವ ಗಾಳಿ ಒಳಗಿನ ಗಾಳಿಯನ್ನು ಸೆಳೆದುಕೊಳ್ಳುತ್ತದೆ, ಸವಾರರು ಕೂತ ಜಾಗದಲ್ಲಿ ಒತ್ತಡ ಇಳಿಯುತ್ತದೆ. ಮುಚ್ಚಳದ ಕೆಳಗೆ ಹೆಚ್ಚು, ಮೇಲೆ ಕಡಿಮೆ ಎಂದಾದಾಗ ಬೆರಳು ತೂರದ ಸಂದಿನಲ್ಲೂ ಗಾಳಿ ರಭಸದಿಂದ ಏರುತ್ತದೆ. ಎಂಜಿನ್ನನ್ನು ಸವರಿ ಬಂದ ಗಾಳಿಯಾದ್ದರಿಂದ ಅದು ಬಿಸಿಯಾಗಿರುತ್ತದೆ. ಎಣ್ಣೆಯ ಹಬೆಯನ್ನೂ, ಸೈಲೆನ್ಸರಿನ ಕೊಳವೆ ಸೋರುತ್ತಿದ್ದರೆ ವಿಷದ ಹೊಗೆಯನ್ನೂ ಹೊತ್ತು ತರುತ್ತದೆ. ಮುಂದಿನ ಚಕ್ರಗಳು ಎಬ್ಬಿಸಿದ ಮಣ್ಣಿನ ಪುಡಿಯೂ ಇದೇ ದಾರಿ ಹಿಡಿಯುತ್ತದೆ. ಕಿಟಕಿ ಏರಿಸಿ ಕೂತರೂ ಧೂಳು ಕಾಲಬುಡದಿಂದ ಏಳುವುದು ಈ ಕಾರಣಕ್ಕೆ.

ಸಂದುಗಳಲ್ಲಿ ಮೂರು ಬಗೆ. ಮುಚ್ಚಳದ ಅಂಚು ನೆಲದ ತಗಡಿಗೆ ತಾಗುವ ಸುತ್ತಳತೆ ಮೊದಲನೆಯದು. ಗೇರ್ ಲಿವರ್ ಮೇಲೆ ಬರುವ ತೂತು ಎರಡನೆಯದು; ಲಿವರ್ ನಾಲ್ಕೂ ಕಡೆ ಆಡಬೇಕಾದ್ದರಿಂದ ಇದನ್ನು ಬಿಗಿಯಾಗಿ ಮುಚ್ಚುವಂತಿಲ್ಲ. ಸ್ಪೀಡೋಮೀಟರಿನ ಕೇಬಲ್, ವೈರು, ಹ್ಯಾಂಡ್‌ಬ್ರೇಕಿನ ತಂತಿ ಹಾಯುವ ಚಿಕ್ಕ ತೂತುಗಳು ಮೂರನೆಯವು. ಮೊದಲನೆಯದಕ್ಕೆ ಮೆತ್ತನೆಯ ಪಟ್ಟಿ, ಎರಡನೆಯದಕ್ಕೆ ಮಡಿಕೆಯ ರಬ್ಬರ್ ಇಲ್ಲವೆ ಚರ್ಮದ ಬೂಟು, ಮೂರನೆಯದಕ್ಕೆ ರಬ್ಬರಿನ ಬಳೆ ಎಂಬುದು ಬಹುಕಾಲದಿಂದ ನಡೆದುಬಂದ ಪದ್ಧತಿ.

ಹಲಗೆಯ ನೆಲ, ಉಣ್ಣೆಯ ಪಟ್ಟಿ

ಮೊದಮೊದಲ ಮೋಟಾರುಗಳಿಗೆ ನೆಲವೆಂದರೆ ಮರದ ಹಲಗೆ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಮೂರು ಪೆಡಲುಗಳು ಹಲಗೆಯ ಸೀಳುಗಳಿಂದ ಮೇಲೆ ಬರುತ್ತಿದ್ದವು. ಗೇರಿನ ಒಳಗಿನ ಪಟ್ಟಿಗಳನ್ನು ಆಗಾಗ ಬಿಗಿ ಮಾಡಬೇಕಾಗುತ್ತಿದ್ದುದರಿಂದ ಹಲಗೆಗಳನ್ನು ಎತ್ತುವುದು ಮಾಲೀಕರಿಗೆ ರೂಢಿಯ ಕೆಲಸವಾಗಿತ್ತು. ಮರ ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ಹಲಗೆಗಳ ನಡುವಿನ ಸಂದು ವರ್ಷಪೂರ್ತಿ ಒಂದೇ ಅಳತೆಯಲ್ಲಿ ಇರುವುದಿಲ್ಲ. ಇದಕ್ಕೆ ಆಗ ಸಿಕ್ಕ ಮದ್ದು ಉಣ್ಣೆಯ ಫೆಲ್ಟು, ನಮ್ಮ ಮಾರುಕಟ್ಟೆಗಳಲ್ಲಿ ನಮ್ದಾ ಎಂದು ಸಿಗುವ ವಸ್ತು. ಉಣ್ಣೆಯನ್ನು ನೇಯದೆ, ಬಿಸಿ ಮತ್ತು ತೇವ ಕೊಟ್ಟು ಒತ್ತಿ ಮಾಡಿದ ಈ ಹಾಸು ಒತ್ತಿದಲ್ಲಿ ತಗ್ಗುತ್ತದೆ, ಬಿಟ್ಟಲ್ಲಿ ಉಬ್ಬುತ್ತದೆ. ಹಲಗೆಯ ಅಂಚಿಗೆ ಇದರ ಪಟ್ಟಿಯನ್ನು ಅಂಟಿಸಿ, ಮೇಲೆ ರತ್ನಗಂಬಳಿ ಹಾಸುತ್ತಿದ್ದರು. ಬ್ರಿಟನ್ನಿನ ಎಂಜಿ ಟಿ ಮಾಲಿಕೆಯ ಕಾರುಗಳು 1940ರ ದಶಕದಲ್ಲೂ ಪ್ಲೈವುಡ್ ನೆಲವನ್ನೇ ಇಟ್ಟುಕೊಂಡಿದ್ದವು.

ಇಂಥ ಮೋಟಾರುಗಳು ದಖ್ಖನಿನ ಸಂಸ್ಥಾನಗಳಿಗೆ ಮುಂಬಯಿಯಿಂದ ಬಂದವು. ಫೋರ್ಡ್ 1926ರಲ್ಲಿ ಭಾರತದಲ್ಲಿ ತನ್ನ ಕಂಪನಿ ತೆರೆಯಿತು. 1928ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯ ಶಿವಡಿಯಲ್ಲಿ ಬಿಡಿಭಾಗ ಜೋಡಿಸಿ ಗಾಡಿ ಕಟ್ಟಲು ತೊಡಗಿತು. ಜತ್ತ ಆಗ ಡಫಳೆ ಮನೆತನದ ಸಂಸ್ಥಾನ. ಆದಿಲಶಾಹಿ ಕಾಲದ ದೇಶಮುಖಿಯಿಂದ ಬೆಳೆದ ಈ ಸಂಸ್ಥಾನ 1948ರ ಮಾರ್ಚ್ 8ರಂದು ಇತರ ದಖ್ಖನ್ ಸಂಸ್ಥಾನಗಳ ಜೊತೆ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಜತ್ತವನ್ನೂ ಒಳಗೊಂಡು 1949ರಲ್ಲಿ ರಚನೆಯಾದ ದಕ್ಷಿಣ ಸಾತಾರಾ ಜಿಲ್ಲೆಗೆ ಆಮೇಲೆ ಸಾಂಗ್ಲಿ ಎಂಬ ಹೆಸರು ಬಂತು. ಇಂಥ ಅರಸುಮನೆಗಳ ಗಾಡಿಗಳು ಪೂರ್ತಿ ಮರೆಯಾಗಿಲ್ಲ. ನೆರೆಯ ಕೊಲ್ಲಾಪುರದ ಅರಸುಮನೆಯ ಮೇಬ್ಯಾಕ್ ಕಾರು ದಸರೆಯ ಸಂಭ್ರಮದಲ್ಲಿ ಈಗಲೂ ಜನರ ಕಣ್ಣಿಗೆ ಬೀಳುತ್ತದೆ.

ರೈಲು ದೂರ, ಧೂಳು ಹತ್ತಿರ

ಜತ್ತ ಪಟ್ಟಣಕ್ಕೆ ರೈಲು ಬರಲಿಲ್ಲ. ಬಾರ್ಸಿ ಲೈಟ್ ರೈಲ್ವೆಯ ಕಿರುಹಳಿ 1927ರಲ್ಲಿ ಪಂಢರಪುರದಿಂದ ಮೀರಜಿನವರೆಗೆ ಚಾಚಿದಾಗ ಈ ಮಾರ್ಗದ ಒಂದು ನಿಲ್ದಾಣಕ್ಕೆ ಜತ್ತ ರೋಡ್ ಎಂಬ ಹೆಸರಾಯಿತು. ಅಲ್ಲಿ ಇಳಿದವರು ಊರು ಮುಟ್ಟಲು ಮತ್ತೆ ರಸ್ತೆ ಹಿಡಿಯಬೇಕು. ತಾಲ್ಲೂಕಿನ ಪೂರ್ವದ ಕನ್ನಡ ಹಳ್ಳಿಗಳಾದ ಉಮದಿ, ಸಂಖ, ಮಾಡಗ್ಯಾಳ, ದರಿಬಡಚಿಗಳಿಗೆ ರೈಲು ಇನ್ನೂ ದೂರ. ಅವುಗಳ ಸಂತೆ, ಆಸ್ಪತ್ರೆ, ನೆಂಟಸ್ತನದ ಓಡಾಟ ವಿಜಯಪುರದ ಕಡೆಗೂ ಹರಿಯುತ್ತದೆ. ದಾನಮ್ಮದೇವಿಯ ಗುಡ್ಡಾಪುರ ಇದೇ ತಾಲ್ಲೂಕಿನದು. ಕರ್ನಾಟಕದಿಂದ ಭಕ್ತರು ಕಾಲ್ನಡಿಗೆಯಲ್ಲೂ ಗಾಡಿಗಳಲ್ಲೂ ಅಲ್ಲಿಗೆ ಬರುತ್ತಾರೆ. ಹೀಗಾಗಿ ಈ ಸೀಮೆಯಲ್ಲಿ ಮೋಟಾರು ಎಂದರೆ ಹಳ್ಳಿಯಿಂದ ಹಳ್ಳಿಗೆ ಕಚ್ಚಾ ರಸ್ತೆಯ ಮೇಲೆ ಓಡಬೇಕಾದ ಗಾಡಿಯಾಗಿತ್ತು.

ಸಹ್ಯಾದ್ರಿಯ ಮಳೆನೆರಳಿನಲ್ಲಿ ಬರುವ ಈ ತಾಲ್ಲೂಕಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಮಳೆಗಿಂತ ಗಾಳಿಯೇ ಜೋರು. ಜತ್ತ, ಢಾಲಗಾಂವ್ ಭಾಗದ ದಿಬ್ಬಗಳ ಮೇಲೆ ಗಾಳಿಯಂತ್ರಗಳು ಎದ್ದದ್ದಕ್ಕೆ ಕಾರಣ ಈ ಪಡುವಣ ಗಾಳಿ. ಮಣ್ಣು ಕೆಲವೆಡೆ ಎರೆ, ಕೆಲವೆಡೆ ಮುರುಮು. 1970ರ ದಶಕದ ಆರಂಭದ ಭೀಕರ ಬರದಲ್ಲಿ ಮಹಾರಾಷ್ಟ್ರದ ಬರಪೀಡಿತ ತಾಲ್ಲೂಕುಗಳಲ್ಲಿ ಜನರಿಗೆ ಕೂಲಿ ಕೊಡಲೆಂದು ಕಲ್ಲು ಒಡೆಸುವ, ಮುರುಮು ಹಾಕಿಸುವ ರಸ್ತೆ ಕಾಮಗಾರಿಗಳನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದರು. ಡಾಂಬರು ಕಾಣದ ಮುರುಮಿನ ರಸ್ತೆ ಗಾಡಿಯ ಚಕ್ರಕ್ಕೆ ಸಿಕ್ಕು ನುಣ್ಣಗಿನ ಪುಡಿಯಾಗುತ್ತದೆ. ಈ ಪುಡಿ ಎಣ್ಣೆ ಜಿನುಗುವ ಗೇರ್‌ಬಾಕ್ಸಿನ ಮೈಗೆ ಮೆತ್ತಿ ಗಟ್ಟಿ ಪದರವಾಗುತ್ತದೆ, ಕಾವು ಆರದಂತೆ ತಡೆಯುತ್ತದೆ. ಸಂದಿನ ಮೂಲಕ ಒಳಗೆ ಬಂದ ಪಾಲು ಸೀಟು, ಬಟ್ಟೆ, ಮೂಗುಗಳನ್ನು ಸೇರುತ್ತದೆ. ಚಳಿದೇಶದ ಪುಸ್ತಕಗಳು ಬೆಚ್ಚಗಿರಲೆಂದು ಹೇಳಿದ ಪಟ್ಟಿ ಇಲ್ಲಿ ತಂಪಾಗಿರಲು, ಧೂಳು ತಪ್ಪಿಸಲು ಬೇಕಾಯಿತು. ಗಾಡಿಯೊಳಗಿನ ಬಿಸಿಗಾಳಿ ಇಂಗ್ಲೆಂಡಿನಲ್ಲಿ ಚಳಿಗಾಲಕ್ಕಾದರೂ ಹಿತವಾದೀತು. ಏಪ್ರಿಲ್ ತಿಂಗಳ ಜತ್ತದಲ್ಲಿ ಅದನ್ನು ಬಯಸುವವರಿಲ್ಲ.

ಲಿವರ್ ಮೇಲೇರಿದ ಕಾಲ, ಮತ್ತೆ ಇಳಿದ ಕಾಲ

ಎರಡನೆಯ ಬಗೆಯ ಸಂದನ್ನು, ಅಂದರೆ ಲಿವರಿನ ತೂತನ್ನು, ಅಮೆರಿಕದವರು 1930ರ ದಶಕದ ಕೊನೆಯಲ್ಲಿ ಬೇರೆ ದಾರಿಯಿಂದ ಬಗೆಹರಿಸಿದರು. ಗೇರ್ ಲಿವರನ್ನು ನೆಲದಿಂದ ಕಿತ್ತು ಸ್ಟಿಯರಿಂಗಿನ ಕಂಬಕ್ಕೆ ಜೋಡಿಸಿದರು. ಮುಂದಿನ ಸೀಟಿನಲ್ಲಿ ಮೂವರು ಕೂರಬೇಕೆಂಬುದು ಅವರ ಮುಖ್ಯ ಉದ್ದೇಶ. ನೆಲದ ದೊಡ್ಡ ತೂತು ಇಲ್ಲವಾದದ್ದು ಅದರ ಜೊತೆಗೆ ಬಂದ ಲಾಭ. ಭಾರತದಲ್ಲಿ ದಶಕಗಳ ಕಾಲ ರಸ್ತೆ ಆಳಿದ ಎರಡು ಕಾರುಗಳು ಇದೇ ಕ್ರಮದವು. ಮುಂಬಯಿಯ ಕುರ್ಲಾದಲ್ಲಿ ತಯಾರಾದ ಫಿಯೆಟ್ 1100, ಮುಂದೆ ಪ್ರೀಮಿಯರ್ ಪದ್ಮಿನಿಯಾದದ್ದು, ಒಂದು. ಅದನ್ನು ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಸ್ಥಾಪಿಸಿದವರು ಜತ್ತದ ನೆರೆಯ ಜಿಲ್ಲೆ ಸೊಲ್ಲಾಪುರದ ವಾಲಚಂದ್ ಹಿರಾಚಂದ್. ಉತ್ತರಪಾರದ ಅಂಬಾಸಿಡರ್ ಇನ್ನೊಂದು. ಇವೆರಡರಲ್ಲೂ ಬಹುಕಾಲ ಗೇರ್ ಲಿವರ್ ಸ್ಟಿಯರಿಂಗಿನ ಬದಿಯಲ್ಲೇ ಇತ್ತು. ಲಿವರಿನ ಬುಡದಿಂದ ಗಾಳಿ ಬರುತ್ತದೆ ಎಂಬ ದೂರಿಗೆ ಇವುಗಳಲ್ಲಿ ಜಾಗವೇ ಇರಲಿಲ್ಲ.

ಜೀಪಿನ ಕಥೆ ಬೇರೆ. 1945ರಲ್ಲಿ ಆರಂಭವಾದ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು, ಮುಂದೆ ಇಲ್ಲಿಯೇ ತಯಾರಿಸಿತು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಈ ಗಾಡಿಯಲ್ಲಿ ಗೇರ್‌ಬಾಕ್ಸಿನ ಬೆನ್ನಿಗೆ ಇನ್ನೊಂದು ಪೆಟ್ಟಿಗೆ, ಟ್ರಾನ್ಸ್‌ಫರ್ ಕೇಸ್, ಇರುತ್ತದೆ. ಹೀಗಾಗಿ ನೆಲದಿಂದ ಮೇಲೆ ಬರುವ ಲಿವರುಗಳು ಮೂರು: ಗೇರಿಗೆ ಒಂದು, ಮುಂದಿನ ಆಕ್ಸಲ್ ಜೋಡಿಸಲು ಒಂದು, ಹೆಚ್ಚು-ಕಡಿಮೆ ವೇಗದ ಸಾಲು ಆರಿಸಲು ಒಂದು. ಮೂರೂ ಒಂದು ಬಿಚ್ಚುವ ತಗಡಿನ ಸುತ್ತಮುತ್ತ ಏಳುತ್ತವೆ. ತೆರೆದ ಜೀಪಿನಲ್ಲಿ ನಾಲ್ಕೂ ಕಡೆಯಿಂದ ಗಾಳಿ ಬರುವಾಗ ಸಂದಿನ ಗಾಳಿಯ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಅದೇ ಜೀಪಿಗೆ ಟಪ್ಪು ಹೊದಿಸಿ, ಬದಿಗೆ ಪರದೆ ಕಟ್ಟಿ, ಸರ್ಕಾರಿ ಅಧಿಕಾರಿಗಳ ಸುತ್ತಾಟಕ್ಕೂ ಬಾಡಿಗೆ ಓಡಾಟಕ್ಕೂ ಬಳಸತೊಡಗಿದಾಗ ನೆಲದ ತೂತುಗಳು ಲೆಕ್ಕಕ್ಕೆ ಬಂದವು. ಮುಚ್ಚಿದ ಗಾಡಿಯ ಹಿಂಬದಿ ತೆರೆದಿದ್ದರೆ ಹಿಂದಿನಿಂದಲೂ ಧೂಳು ಸುತ್ತಿಕೊಂಡು ಬರುತ್ತದೆ. ನೆಲವನ್ನಷ್ಟೇ ಮುಚ್ಚಿ ಜೀಪನ್ನು ಶುದ್ಧವಾಗಿ ಇಡಲಾಗುವುದಿಲ್ಲ.

ಹೆರಾಲ್ಡಿನ ರಟ್ಟಿನ ಮುಚ್ಚಳ

ಭಾರತದ ರಸ್ತೆಗಳಲ್ಲಿ ಗೇರ್‌ಬಾಕ್ಸ್ ಮುಚ್ಚಳದ ಸಮಸ್ಯೆಯನ್ನು ಪೂರ್ಣರೂಪದಲ್ಲಿ ತಂದ ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್. ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪಿಸಿದ ಟ್ರಯಂಫ್ ಹೆರಾಲ್ಡ್ ಬ್ರಿಟನ್ನಿನಲ್ಲಿ 1959ರ ಏಪ್ರಿಲಿನಲ್ಲಿ ಹೊರಬಂತು. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ 1961ರಿಂದ ಅದನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸಿತು. 1972ರಲ್ಲಿ ಅದರ ಮುಂದಿನ ರೂಪವಾದ ಗೆಜೆಲ್ ಬಂತು. ಹೆರಾಲ್ಡಿನ ಎಂಜಿನ್ 948 ಸಿಸಿ. ಬೇರೆ ಕಾರುಗಳು ಮೈಯನ್ನೇ ಚೌಕಟ್ಟಾಗಿ ಮಾಡಿಕೊಳ್ಳುತ್ತಿದ್ದ ಕಾಲದಲ್ಲೂ ಹೆರಾಲ್ಡಿಗೆ ಪ್ರತ್ಯೇಕ ಚಾಸಿ ಇತ್ತು, ಬಾನೆಟ್ಟು ರೆಕ್ಕೆಗಳ ಸಮೇತ ಮುಂದಕ್ಕೆ ವಾಲಿ ತೆರೆಯುತ್ತಿತ್ತು, ಗೇರ್ ಲಿವರ್ ನೆಲದಲ್ಲಿತ್ತು. ಕ್ಲಚ್ ಬದಲಿಸಲು ಗಾಡಿಯ ಕೆಳಗೆ ತೂರಿಕೊಳ್ಳಬೇಕಿಲ್ಲ. ಒಳಗಿನಿಂದಲೇ ಹಾಸು ತೆಗೆದು, ಮುಚ್ಚಳ ಬಿಚ್ಚಿ, ಗೇರ್‌ಬಾಕ್ಸನ್ನು ಸವಾರರ ಜಾಗದಿಂದಲೇ ಹೊರಗೆ ಎತ್ತಬಹುದು. ಮಿಸ್ತ್ರಿಗೆ ಅನುಕೂಲವಾದ ಈ ಏರ್ಪಾಡಿನಿಂದ ಕೂರುವವರಿಗೆ ತೊಂದರೆಯಾಯಿತು.

ಈ ಮಾದರಿಯ ಮುಚ್ಚಳ ತಗಡಿನದಲ್ಲ, ನಾರನ್ನು ಒತ್ತಿ ಅಚ್ಚು ಹಾಕಿದ ದಪ್ಪ ರಟ್ಟು. ಹಗುರ, ಅಗ್ಗ, ಸದ್ದನ್ನು ಸ್ವಲ್ಪ ಹೀರುತ್ತದೆ ಎಂಬುದು ಅದರ ಗುಣ. ನೀರು, ಎಣ್ಣೆ ತಾಗಿದರೆ ಮೆತ್ತಗಾಗುತ್ತದೆ, ಒಣಗಿದಾಗ ಸೊಟ್ಟಗಾಗುತ್ತದೆ ಎಂಬುದು ದೋಷ. ಹಲವು ಸಲ ಬಿಚ್ಚಿ ಹಾಕಿದರೆ ಬೋಲ್ಟಿನ ತೂತುಗಳು ಹರಿದು ಅಗಲವಾಗುತ್ತವೆ. ಅಂಚು ಎಲ್ಲಿ ಬಿಗಿ ಕಳೆದುಕೊಂಡಿತೋ ಅಲ್ಲಿ ಗಾಳಿ ಬಾಯಿ ತೆರೆಯುತ್ತದೆ. ಹೊಸ ಮುಚ್ಚಳ ಸಿಗದ ಕಡೆ ಹಳೆಯದನ್ನು ಅಚ್ಚಾಗಿಸಿಕೊಂಡು ಫೈಬರ್ ಗ್ಲಾಸಿನಲ್ಲಿ ಇನ್ನೊಂದನ್ನು ಎರಕ ಹಾಕುವುದು, ಇಲ್ಲವೆ ತೆಳು ತಗಡನ್ನು ಬಡಿದು ಬಗ್ಗಿಸುವುದು ರೂಢಿಗೆ ಬಂತು. ತಗಡು ಗಟ್ಟಿ, ಆದರೆ ಕಾವನ್ನು ಬೇಗ ದಾಟಿಸುತ್ತದೆ, ಗಡಗಡ ಸದ್ದು ಮಾಡುತ್ತದೆ. ಅದರ ಒಳಮೈಗೆ ಡಾಂಬರಿನ ಹಾಳೆ ಅಥವಾ ಫೆಲ್ಟು ಅಂಟಿಸದೆ ಗತಿಯಿಲ್ಲ.

ಕೈಗೆ ಸಿಕ್ಕ ಸಾಮಾನು

ಸ್ವಾತಂತ್ರ್ಯದ ನಂತರ ಆಮದಿನ ಮೇಲೆ ಬಿಗಿ ಬಿತ್ತು. 1953–54ರ ಹೊತ್ತಿಗೆ ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಇಲ್ಲಿನ ಜೋಡಣೆ ನಿಲ್ಲಿಸಿದವು. ಇದ್ದ ಗಾಡಿಯನ್ನೇ ವರ್ಷಗಟ್ಟಲೆ ಓಡಿಸಬೇಕಾದಾಗ ಸಂದಿನ ಪಟ್ಟಿಯಂಥ ಸಣ್ಣ ಸಾಮಾನಿಗಾಗಿ ಪರದೇಶದ ಕಡೆ ನೋಡುವವರಿರಲಿಲ್ಲ. ಮೋಟಾರಿನ ಹಳೆಯ ಟ್ಯೂಬನ್ನು ಕತ್ತರಿಸಿ ಪಟ್ಟಿ ಮಾಡುವುದು, ರೆಕ್ಸಿನ್ನಿನ ಚೂರಿನಲ್ಲಿ ಲಿವರಿನ ಬೂಟು ಹೊಲಿಯುವುದು, ಅಂಚಿಗೆ ನಮ್ದಾ ಇಡುವುದು ಗ್ಯಾರೇಜಿನ ಸಾಮಾನ್ಯ ಜ್ಞಾನವಾಯಿತು. ಸಾಂಗ್ಲಿ ಜಿಲ್ಲೆಗೆ ಯಂತ್ರ ಹೊಸತಲ್ಲ. ಬೆಳಗಾವಿಯಿಂದ ಹೋದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕುಂಡಲದ ಬಳಿ ಕಿರ್ಲೋಸ್ಕರವಾಡಿ ಕಟ್ಟಿದ್ದರು. ಪಂಪು, ಆಯಿಲ್ ಎಂಜಿನ್ನು ಬಿಚ್ಚಿ ಪ್ಯಾಕಿಂಗ್ ಬದಲಿಸುವುದನ್ನು ಈ ಭಾಗದ ರೈತರೂ ಬಲ್ಲರು. ಆದರೆ ಪಂಪಿನ ಪ್ಯಾಕಿಂಗು ಬಲವಾಗಿ ಒತ್ತಿ ನೀರು ಕಟ್ಟುವಂಥದು. ಗೇರ್‌ಬಾಕ್ಸ್ ಮುಚ್ಚಳದ ಪಟ್ಟಿ ಹಗುರ ಒತ್ತಿಗೇ ಕೂರಬೇಕು. ಬೋಲ್ಟನ್ನು ಅತಿಯಾಗಿ ಬಿಗಿದರೆ ರಟ್ಟು ಸೀಳುತ್ತದೆ, ತಗಡು ಬಾಗಿ ಎರಡು ಬೋಲ್ಟುಗಳ ನಡುವೆ ಹೊಸ ಸಂದು ತೆರೆಯುತ್ತದೆ.

ಸಾಮಾನುಗಳಿಗೆ ಅವುಗಳದೇ ಸ್ವಭಾವ. ಉಣ್ಣೆ ಕರಗುವುದಿಲ್ಲ, ಬೆಂಕಿ ತಾಗಿದರೆ ಕರಕಾಗಿ ಆರುತ್ತದೆ; ಕಾವಿನ ಜಾಗಕ್ಕೆ ಒಳ್ಳೆಯದು. ಆದರೆ ನೀರು, ಎಣ್ಣೆ ಎರಡನ್ನೂ ಹೀರಿ ಹಿಡಿದಿಡುತ್ತದೆ. ತೊಯ್ದ ಫೆಲ್ಟಿನ ಕೆಳಗೆ ನೆಲದ ತಗಡು ತುಕ್ಕು ಹಿಡಿಯುತ್ತದೆ, ಎಣ್ಣೆ ಕುಡಿದ ಫೆಲ್ಟು ಬೆಂಕಿಗೆ ಸುಲಭದ ತುತ್ತು. ಕುರುಬರು ದಖ್ಖನಿ ಕುರಿಯ ಒರಟು ಉಣ್ಣೆಯಿಂದ ನೇಯ್ದು ಹುಣಸೆಬೀಜದ ಗಂಜಿ ಕೊಟ್ಟ ಕರಿಕಂಬಳಿಗೂ ಇದೇ ಗುಣದೋಷ. ನೈಸರ್ಗಿಕ ರಬ್ಬರ್ ಎಣ್ಣೆ ತಾಗಿ ಉಬ್ಬುತ್ತದೆ, ಬಿಸಿಲಿಗೂ ಕಾವಿಗೂ ಮಡಿಕೆಗಳಲ್ಲಿ ಬಿರಿಯುತ್ತದೆ. 1930ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ತಯಾರಾದ ನಿಯೋಪ್ರೀನ್ ಎಣ್ಣೆಯನ್ನು ತಾಳಬಲ್ಲದು. ಆಮೇಲಿನ ಬೂಟು, ಬಳೆಗಳು ಹೆಚ್ಚಾಗಿ ಇಂಥ ಕೃತಕ ರಬ್ಬರಿನವೇ. ಚರ್ಮದ ವಿಷಯದಲ್ಲಿ ಹದ ಮುಖ್ಯ. ಸಾಂಗ್ಲಿ, ವಿಜಯಪುರ ಎರಡೂ ಜಿಲ್ಲೆಗಳನ್ನು ಒಳಗೊಂಡು 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಕೊಲ್ಲಾಪುರಿ ಚಪ್ಪಲಿಯ ಚರ್ಮ ಗಿಡದ ತೊಗಟೆ, ಕಾಯಿಗಳಿಂದ ಹದ ಮಾಡಿದ್ದು. ಅದು ಗಟ್ಟಿ, ಬಿಸಿಗೆ ಬೇಗ ಮುದುಡುತ್ತದೆ. ಲಿವರಿನ ಬೂಟಿಗೆ ಬೇಕಾದದ್ದು ಕ್ರೋಮ್ ಹದದ, ತೆಳ್ಳಗಿನ ಮೇಕೆಯ ಚರ್ಮ. ಹಳೆಯ ಗಾಡಿಗಳ ಕಾವುತಡೆ ಹಾಳೆಗಳಲ್ಲಿ ಕಲ್ನಾರು ಇರುವ ಸಂಭವವಿದ್ದು, ಅದನ್ನು ಒಣಗಿದ್ದಾಗ ಕೆರೆದರೆ ಏಳುವ ಪುಡಿ ಶ್ವಾಸಕೋಶಕ್ಕೆ ಅಪಾಯಕರ.

ಕೆಲಸದ ಕ್ರಮ

ಸರಿಯಾದ ಕೆಲಸ ಶುಚಿಯಿಂದ ಆರಂಭವಾಗುತ್ತದೆ. ಮುಚ್ಚಳ ಬಿಚ್ಚಿದ ಮೇಲೆ ನೆಲದ ಅಂಚಿನ ಹಳೆಯ ಅಂಟು, ಜಿಡ್ಡು, ತುಕ್ಕು ಕೆರೆದು, ಸೀಮೆಎಣ್ಣೆಯಲ್ಲಿ ಒರೆಸಿ, ತುಕ್ಕುತಡೆ ಬಣ್ಣ ಹಚ್ಚಬೇಕು. ಬಗ್ಗಿದ ಅಂಚನ್ನು ಹಿಂದೆ ಆನಿಕೆ ಕೊಟ್ಟು ಸುತ್ತಿಗೆಯಿಂದ ಮಟ್ಟ ಮಾಡಬೇಕು. ಅಂಚಿಗೆ ಸೀಮೆಸುಣ್ಣ ಬಳಿದು ಮುಚ್ಚಳವನ್ನು ಒಮ್ಮೆ ಒತ್ತಿ ಎತ್ತಿದರೆ ಎಲ್ಲಿ ತಾಗುತ್ತದೆ, ಎಲ್ಲಿ ಇಲ್ಲ ಎಂಬುದು ಗುರುತಿನಿಂದ ಗೊತ್ತಾಗುತ್ತದೆ. ಪಟ್ಟಿಯನ್ನು ಮುಚ್ಚಳಕ್ಕೆ ಅಂಟಿಸಬೇಕು, ನೆಲಕ್ಕಲ್ಲ. ಆಗ ಮುಂದಿನ ಸಲ ಬಿಚ್ಚುವಾಗ ಅದು ಹರಿಯದೆ ಜೊತೆಗೇ ಬರುತ್ತದೆ. ಪಟ್ಟಿಯ ಎರಡು ತುದಿಗಳು ಮೂಲೆಯಲ್ಲಿ ಕೂಡಬಾರದು, ನೇರ ಬದಿಯಲ್ಲಿ ಓರೆಯಾಗಿ ಕತ್ತರಿಸಿ ಕೂಡಿಸಬೇಕು. ಬೋಲ್ಟುಗಳನ್ನು ಒಂದಾದ ಮೇಲೆ ಒಂದು ಪೂರ್ತಿ ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಅಗಲ ವಾಷರ್ ಹಾಕಿದರೆ ರಟ್ಟು ಉಳಿಯುತ್ತದೆ. ಸಿಲಿಕೋನ್ ಅಂಟನ್ನು ಸುತ್ತಲೂ ಹಾಕಿಬಿಡುವುದು ಸುಲಭದ ದಾರಿ, ಆದರೆ ಮುಂದಿನ ಕ್ಲಚ್ ಕೆಲಸಕ್ಕೆ ಮುಚ್ಚಳವನ್ನು ಹರಿದೇ ತೆಗೆಯಬೇಕಾಗುತ್ತದೆ.

ಲಿವರಿನ ಬೂಟನ್ನು ಗೇರು ಹಿಂದಕ್ಕೂ ಮುಂದಕ್ಕೂ ಪೂರ್ತಿ ಹೋಗುವಷ್ಟು ಸಡಿಲ ಬಿಟ್ಟು ಕಟ್ಟಬೇಕು. ಬಿಗಿಯಾದ ಬೂಟು ಲಿವರನ್ನು ಹಿಂದಕ್ಕೆಳೆದು ಗೇರು ಜಾರುವಂತೆ ಮಾಡುತ್ತದೆ. ಕೆಲಸ ಮುಗಿದ ಮೇಲಿನ ಪರೀಕ್ಷೆ ಕತ್ತಲಲ್ಲಿ ನಡೆಯುತ್ತದೆ. ಗಾಡಿಯ ಅಡಿಯಲ್ಲಿ ಬಲ್ಬು ಉರಿಸಿ ಒಳಗೆ ಕೂತು ನೋಡಿದರೆ ಬೆಳಕಿನ ಗೆರೆ ಕಂಡಲ್ಲೆಲ್ಲ ಗಾಳಿಗೂ ದಾರಿ ಇದೆ ಎಂದೇ ಅರ್ಥ. ಅಂಚಿನಡಿ ಕಾಗದದ ಚೂರು ಇಟ್ಟು ಮುಚ್ಚಳ ಬಿಗಿದು ಎಳೆದಾಗ ಅದು ಜಾರಿ ಬಂದರೆ ಆ ಜಾಗದ ಒತ್ತು ಸಾಲದು.

ಬಸ್ಸು, ವಡಾಪ್, ಮುಂದಿನ ಚಕ್ರದ ಕಾರು

ಇದೇ ಸಮಸ್ಯೆ ಹೆಚ್ಚು ಜನರಿಗೆ ಪರಿಚಯವಾದದ್ದು ಕಾರಿನಿಂದಲ್ಲ, ಬಸ್ಸಿನಿಂದ. 1948ರ ಜೂನ್ 1ರಂದು ಪುಣೆ–ಅಹಮದನಗರ ನಡುವೆ ರಾಜ್ಯ ಸಾರಿಗೆಯ ಮೊದಲ ಎಸ್‌ಟಿ ಬಸ್ಸು ಓಡಿತು. ಕ್ರಮೇಣ ಹಳ್ಳಿಗಳ ಓಡಾಟ ಎಸ್‌ಟಿಯ ಪಾಲಾಯಿತು. ಎಂಜಿನ್ ಚಾಲಕನ ಪಕ್ಕದಲ್ಲೇ ಒಳಗೆ ಬರುವ ಬಸ್ಸುಗಳಲ್ಲಿ ಅದರ ಮೇಲೆ ದೊಡ್ಡ ಮುಚ್ಚಳ, ಮೇಲೆ ರೆಕ್ಸಿನ್ ಹೊದಿಕೆ. ದಟ್ಟಣೆಯ ದಿನ ಅದೂ ಆಸನವೇ. ದಿನವೂ ಎತ್ತಿ ಎಣ್ಣೆ, ನೀರು ನೋಡಬೇಕಾದ ಆ ಮುಚ್ಚಳದ ಪಟ್ಟಿ ಬೇಗ ಸವೆಯುತ್ತದೆ. ಚಾಲಕನ ಎಡಗಾಲಿಗೆ ಬಡಿಯುವ ಬಿಸಿಗಾಳಿ ಅಲ್ಲಿಂದ ಬಂದದ್ದು. ಎಸ್‌ಟಿ ಸಾಲದ ಕಡೆ ಜನರನ್ನು ಹೊತ್ತ ವಡಾಪ್ ಎಂಬ ಖಾಸಗಿ ಬಾಡಿಗೆ ಜೀಪುಗಳು, 1980ರ ದಶಕದ ಕೊನೆಯಿಂದ ಬಂದ ಟ್ರ್ಯಾಕ್ಸ್ ಎಂಬ ವಾಹನಗಳು ಡೀಸೆಲ್ ಗಾಡಿಗಳು. ಡೀಸೆಲ್ಲಿನ ನಡುಕಕ್ಕೆ ಬೋಲ್ಟು ಸಡಿಲಾಗುತ್ತದೆ, ಪಟ್ಟಿ ಉಜ್ಜಿ ಸವೆಯುತ್ತದೆ. ಹಾಗಾಗಿ ಇವುಗಳಲ್ಲಿ ಸಂದು ಮುಚ್ಚುವುದು ಆಗಾಗ ಮಾಡುತ್ತಲೇ ಇರಬೇಕಾದ ಕೆಲಸ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಈ ಅಧ್ಯಾಯವನ್ನು ಕಾರುಗಳ ಮಟ್ಟಿಗೆ ಮುಗಿಸಿತು. ಅದರಲ್ಲಿ ಎಂಜಿನ್ನೂ ಗೇರ್‌ಬಾಕ್ಸೂ ಅಡ್ಡಲಾಗಿ ಮುಂದೆಯೇ ಕೂತು ಮುಂದಿನ ಚಕ್ರಗಳನ್ನೇ ತಿರುಗಿಸುತ್ತವೆ. ಸವಾರರ ಕಾಲ ಬಳಿ ಗೇರ್‌ಬಾಕ್ಸಿಲ್ಲ, ಬಿಚ್ಚುವ ಮುಚ್ಚಳವೂ ಇಲ್ಲ. ನೆಲ ಒಂದೇ ತಗಡು. ಹಿಂದಿನ ಚಕ್ರದಿಂದ ಓಡುವ ಹೊಸ ಗಾಡಿಗಳಲ್ಲೂ ಉಬ್ಬು ನೆಲದೊಂದಿಗೇ ಅಚ್ಚಾಗಿ ಬರುತ್ತದೆ, ಗೇರ್‌ಬಾಕ್ಸನ್ನು ಕೆಳಗಿನಿಂದ ಇಳಿಸುತ್ತಾರೆ. ಗುಹಾಗರ–ವಿಜಯಪುರ ಹೆದ್ದಾರಿ ಜತ್ತದ ಮೂಲಕ ಹಾಯುತ್ತದೆ, ಡಾಂಬರು ಹಳ್ಳಿಗಳಿಗೂ ತಲುಪಿದೆ, ಧೂಳಿನ ಕಾಟ ಮೊದಲಿನಷ್ಟಿಲ್ಲ. ಸಂದು ಮುಚ್ಚುವ ಈ ಕೈಗೆಲಸ ಈಗ ಉಳಿದಿರುವುದು ಹಳೆಯ ಜೀಪು ಓಡಿಸುವವರಲ್ಲಿ ಮತ್ತು ಹೆರಾಲ್ಡಿನಂಥ ಕಾರುಗಳನ್ನು ಮೂಲರೂಪಕ್ಕೆ ತರುವವರಲ್ಲಿ.